ಜಾಸ್ತಿ ಮೊಳಗದ ಗಿಟಾರ್ ಬೇಕು

ಗಿಟಾರ್ ಅಂಗಡಿಗೆ ಹೋದವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಒಂದೇ. ಗೋಡೆಯಿಂದ ಇಳಿಸಿಕೊಟ್ಟ ವಾದ್ಯವನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದು ತಂತಿ ಮೀಟುತ್ತಾರೆ. ಆಮೇಲೆ ಕಿವಿಗೊಟ್ಟು ಕಾಯುತ್ತಾರೆ, ನಾದ ಎಷ್ಟು ಹೊತ್ತು ನಿಲ್ಲುತ್ತದೆ ಅಂತ. ಜಾಸ್ತಿ ಹೊತ್ತು ನಿಂತರೆ ಒಳ್ಳೆಯ ಗಿಟಾರ್. ಬೇಗ ಆರಿಹೋದರೆ ಅಗ್ಗದ ಮಾಲು. ಅಂಗಡಿಯ ಹುಡುಗನೂ ಪಕ್ಕದಲ್ಲಿ ನಿಂತು 'ಸಸ್ಟೇನ್ ನೋಡಿ ಸರ್' ಅನ್ನುತ್ತಾನೆ.

ಪಾಶ್ಚಾತ್ಯ ಕ್ಲಾಸಿಕಲ್ ನುಡಿಸುವವರಿಗೆ ಈ ಪರೀಕ್ಷೆ ಸರಿಯೇ. ಅಲ್ಲಿ ಒಂದು ಸ್ವರ ಇನ್ನೊಂದಕ್ಕೆ ಕೈ ಚಾಚಬೇಕು, ಮಧ್ಯೆ ಖಾಲಿ ಬೀಳಬಾರದು. ಆದರೆ ನೀವು ಬ್ರೆಜಿಲ್‌ನ ಬೋಸಾ ನೋವಾ, ಸಾಂಬಾ, ಒಟ್ಟಾರೆ ಲ್ಯಾಟಿನ್ ಜಾಝ್ ನುಡಿಸಲು ನೈಲಾನ್ ತಂತಿಯ ಗಿಟಾರ್ ಕೊಳ್ಳಲು ಹೊರಟಿದ್ದರೆ ನಾನು ಹೇಳುವುದು ಹೆಚ್ಚುಕಡಿಮೆ ಉಲ್ಟಾ. ನಾದ ಎಷ್ಟು ಬೇಗ ಹುಟ್ಟುತ್ತದೆ, ಎಷ್ಟು ಚೊಕ್ಕವಾಗಿ ನಿಲ್ಲುತ್ತದೆ ಎಂದು ಕೇಳಿ. ಈ ಸಂಗೀತದಲ್ಲಿ ಗಿಟಾರ್ ಮೊದಲು ತಾಳವಾದ್ಯ, ಆಮೇಲೆ ಸ್ವರವಾದ್ಯ. ವಾದ್ಯ ಆರಿಸುವಾಗ ಈ ಒಂದು ವಿಷಯ ತಲೆಯಲ್ಲಿ ಇದ್ದರೆ ಉಳಿದ ಪ್ರಶ್ನೆಗಳು, ಅಂದರೆ ಯಾವ ಮರ, ಎಡಗೈ ಹಿಡಿಯುವ ನೆಕ್ ಎಷ್ಟು ಅಗಲ, ನಾದವನ್ನು ಸ್ಪೀಕರ್‌ಗೆ ಕಳಿಸುವ ಪಿಕಪ್ ಬೇಕೋ ಬೇಡವೋ ಎನ್ನುವವು, ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

ಯಾಕೆ ಹೀಗೆ? ಅದಕ್ಕೆ ಬ್ರೆಜಿಲ್‌ಗೆ ಹೋಗಬೇಕು. 1958ರಲ್ಲಿ ರಿಯೋ ಡಿ ಜನೈರೋದಲ್ಲಿ ಎಲಿಜೆತ್ ಕಾರ್ದೋಸೋ ಎಂಬ ಗಾಯಕಿಯ ಒಂದು ಆಲ್ಬಂ ಬಂತು. ಹಾಡುಗಳು ಸಂಯೋಜಕ ಟಾಮ್ ಜೋಬಿಮ್ ಮತ್ತು ಕವಿ ವಿನಿಸಿಯಸ್ ಡಿ ಮೊರಾಯಿಸ್ ಅವರವು. ಅದರ ಎರಡು ಹಾಡುಗಳ ಹಿಂದೆ ಬಹಿಯಾ ರಾಜ್ಯದ ಜುವಾಝೇರೋ ಊರಿನ ಜುವಾಂವ್ ಜಿಲ್ಬೆರ್ತೊ ಗಿಟಾರ್ ಹಿಡಿದು ಕೂತಿದ್ದರು. ಅದೇ ವರ್ಷ ಅವರು ತಾವೇ ಹಾಡಿದ 'ಶೇಗಾ ಡಿ ಸೌದಾದಿ' ಹೊರಬಂತು. ಎರಡು ನಿಮಿಷದ ಸುತ್ತಮುತ್ತ ಮುಗಿಯುವ ಪುಟ್ಟ ಹಾಡು, ಬೋಸಾ ನೋವಾ ಅಲೆ ಎದ್ದದ್ದೇ ಅದರಿಂದ. ರಿಯೋದ ಹುಡುಗರೆಲ್ಲ ಗಿಟಾರ್ ಹಿಡಿದು ಆ ಬಲಗೈಯನ್ನು ಕಲಿಯಲು ಶುರು ಮಾಡಿದರು.

ಆ ಬಲಗೈಯಲ್ಲಿ ಇದ್ದದ್ದು ಇಷ್ಟು. ಸಾಂಬಾ ಮೆರವಣಿಗೆಯಲ್ಲಿ ಸುರ್ದೊ ಎಂಬ ದೊಡ್ಡ ಡೋಲು ಇರುತ್ತದೆ. ನೆಲ ನಡುಗುವ ಹಾಗೆ ಪೆಟ್ಟು ಹಾಕುತ್ತಾ ಇಡೀ ಗುಂಪನ್ನು ಅದೇ ನಡೆಸುತ್ತದೆ. ಅದರ ಮೇಲೆ ತಂಬೊರಿಮ್ ಎಂಬ ಅಂಗೈಯಗಲದ ಸಣ್ಣ ವಾದ್ಯ, ಸಣ್ಣ ಕೋಲಿನಲ್ಲಿ ಬಾರಿಸುವಂಥದ್ದು, ಪೆಟ್ಟುಗಳ ಸಂದಿನಲ್ಲಿ ನುಸುಳುತ್ತಾ ಓಡುತ್ತದೆ. ಜಿಲ್ಬೆರ್ತೊ ಸುರ್ದೊವನ್ನು ಹೆಬ್ಬೆರಳಿಗೆ ಕೊಟ್ಟರು. ತಂಬೊರಿಮ್ ಅನ್ನು ಉಳಿದ ಮೂರು ಬೆರಳುಗಳಿಗೆ. ಹೆಬ್ಬೆರಳು ಮಂದ್ರದ ತಂತಿಯಲ್ಲಿ ಪೆಟ್ಟಿಗೊಂದು ಸ್ವರ. ತೋರು, ನಡು, ಉಂಗುರ ಬೆರಳುಗಳು ಮೂರು ತಂತಿಗಳನ್ನು ಒಟ್ಟಿಗೆ ಚಿಮ್ಮಿಸಿ, ಪೆಟ್ಟಿನ ಸ್ವಲ್ಪ ಮುಂಚೆಯೋ ಆಮೇಲೋ ಬೀಳುತ್ತವೆ. ಮೃದಂಗದ ಎಡಗಡೆ, ಬಲಗಡೆ ಎರಡನ್ನೂ ಒಂದೇ ಕೈಯಲ್ಲಿ ನುಡಿಸಿದ ಹಾಗೆ. ಎಷ್ಟೋ ಪಾಠಪುಸ್ತಕಗಳಲ್ಲಿ ಹೆಬ್ಬೆರಳು ಮೂಲಸ್ವರ, ಐದನೇ ಸ್ವರ, ಮತ್ತೆ ಮೂಲಸ್ವರ ಎಂದು ಓಡಾಡುತ್ತಾ ಇರುತ್ತದೆ. ಜಿಲ್ಬೆರ್ತೊ ಅವರ ಹೆಬ್ಬೆರಳು ಹೆಚ್ಚಾಗಿ ಒಂದೇ ಸ್ವರದ ಮೇಲೆ ನಿಂತಿರುತ್ತದೆ. ಡೋಲಿಗೆ ಎಲ್ಲಿದೆ ಐದನೇ ಸ್ವರ, ಅಲ್ವಾ?

ಈಗ ಯೋಚನೆ ಮಾಡಿ. ಡೋಲಿನ ಪೆಟ್ಟು ಬಿದ್ದ ಕೂಡಲೇ ಆರಬೇಕು. ಆರದಿದ್ದರೆ ಮುಂದಿನ ಪೆಟ್ಟಿಗೆ ಜಾಗ ಇಲ್ಲ. ಮೊದಲ ಮಂದ್ರಸ್ವರ ಇನ್ನೂ ಗುಂಯ್‌ಗುಡುತ್ತಿರುವಾಗಲೇ ಎರಡನೆಯದು ಬಂದರೆ ತಾಳ ಕರಗಿ ಗಂಜಿಯಾಗುತ್ತದೆ. ಇದರ ಜೊತೆ ಈ ಸಂಗೀತದ ಕಾರ್ಡ್‌ಗಳೂ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲುಗಳೂ, ಸರಳ ಅಲ್ಲ. ಜೋಬಿಮ್ ಬರೆದ ಕಾರ್ಡ್‌ಗಳಲ್ಲಿ ಏಳನೇ ಸ್ವರ, ಒಂಬತ್ತನೇ ಸ್ವರ ಸದಾ ಸೇರಿಕೊಂಡಿರುತ್ತವೆ. ಒಂದು ಬೆರಳು ಒಂದು ಫ್ರೆಟ್, ಅಂದರೆ ನೆಕ್ ಮೇಲಿನ ಒಂದು ಲೋಹದ ಪಟ್ಟಿಯಷ್ಟು, ಜರುಗಿದರೆ ಕಾರ್ಡ್ ಬದಲಾಗಿರುತ್ತದೆ. ಹಿಂದಿನ ಕಾರ್ಡ್ ಇನ್ನೂ ಗಾಳಿಯಲ್ಲಿ ಇದ್ದರೆ ಆ ಅರ್ಧ ಸ್ವರದ ಸೊಗಸು ಕೇಳುವುದೇ ಇಲ್ಲ, ಬರೀ ಕಲಸುಮೇಲೋಗರ. ಅದಕ್ಕೇ ಬ್ರೆಜಿಲ್‌ನವರು ತೆರೆದ ತಂತಿಗಳನ್ನು ಕಡಿಮೆ ಬಳಸುತ್ತಾರೆ. ಎಲ್ಲ ಸ್ವರಗಳನ್ನೂ ಎಡಗೈ ಒತ್ತಿ ಹಿಡಿದಿದ್ದರೆ, ಬೆರಳು ಒಂದು ಕೂದಲೆಳೆಯಷ್ಟು ಸಡಿಲಿಸಿದರೂ ಸಾಕು, ನಾದ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಆ ಸಡಿಲಿಸುವಿಕೆಯಲ್ಲೇ ಅರ್ಧ ಸಾಂಬಾ ಇದೆ. ನೈಲಾನ್ ತಂತಿ ಈ ಕೆಲಸಕ್ಕೆ ಒಗ್ಗುತ್ತದೆ. ಉಕ್ಕಿನ ತಂತಿ ಹೀಗೆ ಬಾಯಿ ಮುಚ್ಚುವುದಿಲ್ಲ.

ಹಾಗಂತ ಸತ್ತ ಗಿಟಾರ್ ತನ್ನಿ ಅನ್ನುತ್ತಿಲ್ಲ. ಪ್ಲೈವುಡ್ ಡಬ್ಬದಂತಹ ಗಿಟಾರ್ ಬೇಗ ಆರುತ್ತದೆ ನಿಜ, ಆದರೆ ಅದು ಹುಟ್ಟುವುದೂ ಸೋಮಾರಿಯಾಗಿಯೇ. ನಮಗೆ ಬೇಕಾದದ್ದು ಮುಟ್ಟಿದರೆ ಸಾಕು ಮಾತಾಡಿಬಿಡುವ ವಾದ್ಯ. ನಾದದ ಮೊದಲ ತುದಿ ಚೂಪಾಗಿರಬೇಕು, ಮಧ್ಯದಲ್ಲಿ ತುಂಬಿರಬೇಕು, ಬಾಲ ಗಿಡ್ಡ ಇರಬೇಕು.

ಟಾಪ್ ಬಗ್ಗೆ ಮೊದಲು. ತಂತಿಯ ಅಲುಗಾಟವನ್ನು ನಾದ ಮಾಡುವುದು ಮುಂದಿನ ಹಲಗೆ. 19ನೇ ಶತಮಾನದಲ್ಲಿ ಸ್ಪೇನ್‌ನ ಅಲ್ಮೇರಿಯಾದ ಅಂತೋನಿಯೋ ಡಿ ತೋರೆಸ್ ಇದನ್ನು ತೋರಿಸಲು ಒಂದು ತಮಾಷೆ ಮಾಡಿದರು. 1862ರಲ್ಲಿ ಬೆನ್ನು ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದ, ಟಾಪ್ ಮಾತ್ರ ಮರದಿಂದ ಮಾಡಿ ಒಂದು ಗಿಟಾರ್ ಕಟ್ಟಿದರು. ಆ ಗಿಟಾರ್ ಈಗಲೂ ಬಾರ್ಸಿಲೋನಾದ ಸಂಗೀತ ಮ್ಯೂಸಿಯಂನಲ್ಲಿದೆ. ನಾವು ಇವತ್ತು ಕ್ಲಾಸಿಕಲ್ ಗಿಟಾರ್ ಅನ್ನುವ ಆಕಾರ, ಸುಮಾರು 650 ಮಿಲಿಮೀಟರ್ ತಂತಿ ಉದ್ದ, ಟಾಪ್ ಒಳಗೆ ಬೀಸಣಿಗೆಯಂತೆ ಹರಡಿದ ಪಟ್ಟಿಗಳು, ಇವೆಲ್ಲ ಗಟ್ಟಿಯಾಗಿ ನೆಲೆನಿಂತದ್ದು ಅವರ ಕೈಯಲ್ಲಿ.

ಟಾಪ್‌ಗೆ ಮರ ಹೆಚ್ಚಾಗಿ ಎರಡೇ: ಸ್ಪ್ರೂಸ್ ಅಥವಾ ಸೀಡರ್. ಸ್ಪ್ರೂಸ್ ಬೆಳ್ಳಗೆ, ಸೀಡರ್ ಕೆಂಪು ಮಿಶ್ರಿತ ಕಂದು. ಸೀಡರ್ ಬಂದದ್ದು ಈಚೆಗೆ. ಮ್ಯಾಡ್ರಿಡ್‌ನ ಮೂರನೇ ಹೋಸೆ ರಾಮಿರೆಸ್ 1960ರ ದಶಕದ ನಡುವಿನಲ್ಲಿ ಅದನ್ನು ಚಾಲ್ತಿಗೆ ತಂದರು. ಸೀಡರ್ ಬೆಚ್ಚಗೆ ದಪ್ಪಗೆ ನುಡಿಯುತ್ತದೆ, ಹೊಸದರಲ್ಲೇ ಪೂರ್ತಿ ತೆರೆದುಕೊಂಡಿರುತ್ತದೆ. ಸ್ಪ್ರೂಸ್‌ನಲ್ಲಿ ಸ್ವರಗಳು ಒಂದರಿಂದ ಒಂದು ಬಿಡಿಸಿಕೊಂಡು ನಿಲ್ಲುತ್ತವೆ. ಮನೆಯಲ್ಲಿ ಒಬ್ಬರೇ ಕೂತು ಹಾಡಿಕೊಂಡು ನುಡಿಸುವವರಿಗೆ ಸೀಡರ್ ಮೋಹಕ, ಒಪ್ಪುತ್ತೇನೆ. ಆದರೆ ನನ್ನ ಕಿವಿಗೆ ಈ ಸಂಗೀತದಲ್ಲಿ ಸ್ಪ್ರೂಸ್ ಹೆಚ್ಚು ಹಿಡಿಸುತ್ತದೆ. ನಾಲ್ಕು ಸ್ವರದ ಇಕ್ಕಟ್ಟಾದ ಕಾರ್ಡ್‌ನಲ್ಲಿ ನಾಲ್ಕೂ ಬೇರೆ ಬೇರೆ ಕೇಳಬೇಕಾದರೆ ಅದೇ ಸರಿ. ಇದಕ್ಕೆ ಅಪವಾದ ಬೇಕಾದಷ್ಟಿವೆ. ಮರದ ಹೆಸರಿಗಿಂತ ಕಟ್ಟಿದವರ ಕೈ ದೊಡ್ಡದು.

ಬೆನ್ನು ಮತ್ತು ಪಕ್ಕದ ಮರದ ವಿಷಯಕ್ಕೆ ಬಂದರೆ ಕತೆ ನಮ್ಮ ಮನೆ ಬಾಗಿಲಿಗೇ ಬರುತ್ತದೆ. ಹಳೆಯ ಕಾಲದ ದೊಡ್ಡ ಗಿಟಾರ್‌ಗಳಿಗೆ ಬ್ರೆಜಿಲ್‌ನ ಜಕರಂಡಾ, ಅಂದರೆ ಬ್ರೆಜಿಲ್‌ನ ರೋಸ್‌ವುಡ್, ಬೇಕಿತ್ತು. (ಬೆಂಗಳೂರಿನ ರಸ್ತೆಬದಿಯಲ್ಲಿ ನೇರಳೆ ಹೂ ಬಿಡುವ ಜಕರಂಡಾ ಬೇರೆಯದೇ ಮರ. ಅದರಿಂದ ಯಾರೂ ಗಿಟಾರ್ ಮಾಡುವುದಿಲ್ಲ.) ಬಹಿಯಾದ ಆ ರೋಸ್‌ವುಡ್ ಕಡಿದು ಕಡಿದು ಮುಗಿಯುತ್ತಾ ಬಂತು. 1960ರ ದಶಕದ ಕೊನೆಗೆ ಬ್ರೆಜಿಲ್ ಅದರ ದಿಮ್ಮಿಗಳನ್ನು ಹೊರಗೆ ಕಳಿಸುವುದಕ್ಕೆ ತಡೆ ಹಾಕಿದಾಗ ಸ್ಪೇನ್, ಅಮೆರಿಕದ ಗಿಟಾರ್ ಕಾರ್ಖಾನೆಗಳು ಬದಲಿ ಮರ ಹುಡುಕಿದವು. ಸಿಕ್ಕಿದ್ದು ಇಂಡಿಯನ್ ರೋಸ್‌ವುಡ್. ಅಂದರೆ ನಮ್ಮ ಬೀಟೆ. 1992ರಲ್ಲಿ ಬ್ರೆಜಿಲ್‌ನ ಮರ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಮೊದಲ ಪಟ್ಟಿಗೆ, ಅಂದರೆ ತೀರಾ ಬಿಗಿ ಪಟ್ಟಿಗೆ, ಸೇರಿತು. ಅಂದಿನಿಂದ ಬೀಟೆಯೇ ರಾಜ.

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ನಿಂತಿರುವ, ಹಳೆಯ ಮನೆಗಳ ಬೀರು, ಮಂಚಗಳಲ್ಲಿ ಮಿರುಗುವ, ಮೈಸೂರಿನ ಕುಶಲಕರ್ಮಿಗಳು ಚಿತ್ರ ಕೂರಿಸುವ ಅದೇ ಬೀಟೆ. ತೋಟ ತನ್ನದಾದರೂ ಅನುಮತಿ ಇಲ್ಲದೆ ಆ ಮರಕ್ಕೆ ಕೊಡಲಿ ಹಾಕುವ ಹಾಗಿಲ್ಲ ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ರಿಯೋದ ಸಂಗೀತವನ್ನು ಸ್ಪೇನ್ ಆಕಾರದ ವಾದ್ಯದಲ್ಲಿ ನುಡಿಸಲು ಹೊರಟವನು ಹಿಂದೆ ತಿರುಗಿಸಿ ನೋಡಿದರೆ ಪಶ್ಚಿಮ ಘಟ್ಟದ ಮರ ಕಾಣುತ್ತದೆ. ನನಗಂತೂ ಇದು ಖುಷಿಯ ಸಂಗತಿ. ಜೊತೆಗೆ ಸ್ವಲ್ಪ ಕಸಿವಿಸಿ ಕೂಡ, ಯಾಕೆಂದರೆ ಬೀಟೆಯೂ ಈಗ ಆರಾಮಾಗಿ ಇಲ್ಲ. 2017ರ ಜನವರಿಯಿಂದ ಬ್ರೆಜಿಲ್‌ನ ಮರ ಬಿಟ್ಟು ಈ ಕುಲದ ಉಳಿದೆಲ್ಲ ಮರಗಳೂ ಸೈಟಿಸ್‌ನ ಎರಡನೇ ಪಟ್ಟಿಯಲ್ಲಿವೆ. ಸಿದ್ಧ ವಾದ್ಯಗಳಿಗೂ ಪರವಾನಗಿ ಬೇಕು ಎಂದಾಗ ಗಿಟಾರ್ ವ್ಯಾಪಾರಿಗಳು ತಲೆ ಮೇಲೆ ಕೈ ಹೊತ್ತು ಕೂತರು. 2019ರ ನವೆಂಬರ್‌ನಿಂದ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ. ಬ್ರೆಜಿಲ್‌ನ ಜಕರಂಡಾಗೆ ಮಾತ್ರ ಈ ವಿನಾಯಿತಿ ಇಲ್ಲ. ಹೊರದೇಶದಲ್ಲಿರುವ ಕನ್ನಡಿಗರು ಯಾರಾದರೂ ಹಳೆಯ ಗಿಟಾರ್ ಕೊಂಡು ಊರಿಗೆ ತರುವ ಯೋಚನೆಯಲ್ಲಿದ್ದರೆ, ಬೆನ್ನು ಯಾವ ಮರದ್ದು ಎಂದು ಮೊದಲು ವಿಚಾರಿಸಿಕೊಳ್ಳಿ.

ಬೀಟೆ ಬೆನ್ನಿನ ಗಿಟಾರ್ ಮಂದ್ರದಲ್ಲಿ ಆಳ, ಬಾಲ ಸ್ವಲ್ಪ ಉದ್ದ. ಮಹಾಗನಿ ಇನ್ನೂ ಒಣಗಿದ ದನಿ, ನಡುವಿನ ಸ್ವರಗಳು ಮುಂದೆ ಬರುತ್ತವೆ. ನನ್ನ ವಾದದ ಪ್ರಕಾರ ಮಹಾಗನಿಯೇ ಲ್ಯಾಟಿನ್‌ಗೆ ಮೇಲು ಆಗಬೇಕು, ಮತ್ತು ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ಅದು ನಿಜವೂ ಹೌದು. ಇನ್ನೂ ಮುಂದೆ ಹೋಗಿ ಫ್ಲಮೆಂಕೊ ಗಿಟಾರ್‌ಗಳನ್ನೂ ಒಮ್ಮೆ ನೋಡಿ ಅನ್ನುತ್ತೇನೆ. ಅವುಗಳ ಬೆನ್ನು ಸೈಪ್ರೆಸ್ ಮರದ್ದು, ಮೈ ತೆಳು, ತಂತಿಗಳು ಫ್ರೆಟ್‌ಗೆ ಹತ್ತಿರ. ಕಾಲಿನಲ್ಲಿ ನೆಲ ಕುಟ್ಟುವ ನೃತ್ಯಗಾರರ ಜೊತೆ ನುಡಿಸಲೆಂದೇ ಹುಟ್ಟಿದ್ದು. ಚಟ್ಟನೆ ನುಡಿದು ಚಟ್ಟನೆ ನಿಲ್ಲುತ್ತದೆ. ವೇಗದ ಸಾಂಬಾಗೆ ಅದು ಬಹಳ ಚೆನ್ನ. ನಿಧಾನದ ಬೋಸಾಗೆ ಸ್ವಲ್ಪ ಒರಟು ಎನಿಸಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಬ್ರೆಜಿಲ್‌ನ ಆ ಕಾಲದ ಕಲಾವಿದರು ಯಾವುದೋ ಅಪರೂಪದ ಸ್ಪ್ಯಾನಿಷ್ ವಾದ್ಯ ಹಿಡಿದು ಬೋಸಾ ನೋವಾ ಕಟ್ಟಲಿಲ್ಲ. ಸಾವೊ ಪಾವ್ಲೊದಲ್ಲಿ ವಲಸೆ ಬಂದ ಇಟಾಲಿಯನ್ನರು ಕಟ್ಟಿದ ಜಿಯಾನ್ನಿನಿ, ಡಿ ಜಾರ್ಜಿಯೊ ಮುಂತಾದ ಕಾರ್ಖಾನೆಗಳಿದ್ದವು. ಆ ದೇಶದ ಮನೆಮನೆಯಲ್ಲಿ ಇದ್ದದ್ದು ಅವೇ. ಜಿಲ್ಬೆರ್ತೊ ಕೈಯಲ್ಲೂ ಡಿ ಜಾರ್ಜಿಯೊ ಇತ್ತು. ವಾದ್ಯದ ವಂಶಾವಳಿ ನೋಡಿ ಕೊಳ್ಳುವವರಿಗೆ ಇದನ್ನು ನೆನಪಿಸಬೇಕು ಅನಿಸುತ್ತದೆ.

ಇನ್ನು ನೆಕ್. ಇಲ್ಲಿ ನನಗೆ ಜಗಳ ಆಡುವಷ್ಟು ಅಭಿಪ್ರಾಯ ಇದೆ.

ಕ್ಲಾಸಿಕಲ್ ಗಿಟಾರ್‌ನ ನಟ್, ಅಂದರೆ ನೆಕ್ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿ, ಅದರ ಅಗಲ ಸಾಮಾನ್ಯವಾಗಿ 52 ಮಿಲಿಮೀಟರ್. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ 43ರ ಆಸುಪಾಸು. ಜಾಝ್ ಕಲಿತವರು ಹೆಚ್ಚಿನವರು ಎಲೆಕ್ಟ್ರಿಕ್‌ನಿಂದ ಬಂದವರು. ಅವರಿಗೆ 52 ಕೈಗೆ ಸಿಕ್ಕರೆ ಹಲಗೆ ಹಿಡಿದ ಹಾಗಾಗುತ್ತದೆ. ಅವರಿಗೆಂದೇ ಕ್ರಾಸ್‌ಓವರ್ ಎಂಬ ಬಗೆಯ ಗಿಟಾರ್‌ಗಳು ಬಂದಿವೆ. ನಟ್ 48, ಫಿಂಗರ್‌ಬೋರ್ಡ್ ಸ್ವಲ್ಪ ಉಬ್ಬು, ನೆಕ್ ಮೈಗೆ ಸೇರುವುದು 12ರ ಬದಲು 14ನೇ ಫ್ರೆಟ್‌ನಲ್ಲಿ, ಮೇಲಿನ ಫ್ರೆಟ್‌ಗಳಿಗೆ ಕೈ ಹೋಗಲು ಒಂದು ಕಡೆ ಮೈ ಕೊರೆದ ಕಟ್‌ಅವೇ. ಯಮಹಾದ ಎನ್‌ಟಿಎಕ್ಸ್ ಸಾಲು ಈ ಬಗೆಯದು. ಅದೇ ಕಂಪನಿಯ ಎನ್‌ಸಿಎಕ್ಸ್ ಸಾಲಿನಲ್ಲಿ ಪಿಕಪ್ ಇದ್ದರೂ ನೆಕ್ 52, ಮೈಗೆ ಸೇರುವುದು 12ರಲ್ಲಿ.

ಕ್ರಾಸ್‌ಓವರ್ ಹಿಡಿದ ಕೂಡಲೇ ಎಡಗೈ 'ಅಬ್ಬಾ' ಅನ್ನುತ್ತದೆ. ಅಲ್ಲೇ ದುಡ್ಡು ಕೊಟ್ಟುಬಿಡಬೇಡಿ. ಈ ಸಂಗೀತದಲ್ಲಿ ನಿಜವಾದ ದುಡಿಮೆ ಬಲಗೈಯದು. ಅದರ ಬೆರಳುಗಳಿಗೆ ತಂತಿಗಳ ನಡುವೆ ಜಾಗ ಬೇಕು. ಮೂರು ಬೆರಳು ಮೂರು ತಂತಿಯ ಕೆಳಗೆ ನುಗ್ಗಿ ಒಟ್ಟಿಗೆ ಚಿಮ್ಮುವಾಗ, ಪಕ್ಕದ ತಂತಿಗೆ ತಾಕಿದರೆ ಪೆಟ್ಟು ಮೊಂಡಾಗುತ್ತದೆ. ಅದಕ್ಕೇ ನಟ್ ಅಳತೆಗಿಂತ, ಟಾಪ್ ಮೇಲೆ ತಂತಿ ಕಟ್ಟುವ ಬ್ರಿಡ್ಜ್ ಹತ್ತಿರ ತಂತಿಗಳ ನಡುವಿನ ಅಂತರ ಕೇಳಿ. ಕ್ಲಾಸಿಕಲ್‌ನಲ್ಲಿ ಮೊದಲ ತಂತಿಯಿಂದ ಆರನೆಯದಕ್ಕೆ ಅಲ್ಲಿ 58 ಮಿಲಿಮೀಟರ್ ಆಸುಪಾಸು ಇರುತ್ತದೆ. ಅಂಗಡಿಗೆ ಒಂದು ಸಣ್ಣ ಸ್ಕೇಲ್ ತೆಗೆದುಕೊಂಡು ಹೋದರೆ ನಾಚಿಕೆಯೇನಿಲ್ಲ. ಎಡಗೈ 52ಕ್ಕೆ ಹೊಂದಿಕೊಳ್ಳುತ್ತದೆ. ಗಿಟಾರ್ ಅನ್ನು ಎಡತೊಡೆಯ ಮೇಲಿಟ್ಟು ನೆಕ್ ಸ್ವಲ್ಪ ಮೇಲೆತ್ತಿ ಹಿಡಿದರೆ ಬೇಗ ಹೊಂದಿಕೊಳ್ಳುತ್ತದೆ. ಬಲಗೈಗೆ ಜಾಗ ಸಾಲದಿದ್ದರೆ ಅದಕ್ಕೆ ಅಭ್ಯಾಸವೇ ಮದ್ದು ಅನ್ನುವ ಹಾಗಿಲ್ಲ. ಕೈ ಚಿಕ್ಕದಾದವರಿಗೆ, ಅಥವಾ ಗಂಟೆಗಟ್ಟಲೆ ಎಲೆಕ್ಟ್ರಿಕ್ ನುಡಿಸಿ ನಡುವೆ ಎರಡು ಬೋಸಾ ಹಾಡಿಗೆ ಮಾತ್ರ ನೈಲಾನ್ ಎತ್ತಿಕೊಳ್ಳುವವರಿಗೆ ಕ್ರಾಸ್‌ಓವರ್ ಸರಿ. ಉಳಿದವರು ಅಗಲ ನೆಕ್‌ಗೆ ಹೆದರಬೇಡಿ.

ಜಾಝ್‌ಗೂ ನೈಲಾನ್‌ಗೂ ನಂಟು ಬೆಳೆಸಿದವರನ್ನೇ ನೋಡಿ. ಬ್ರೆಜಿಲ್‌ನ ಲೌರಿಂದೊ ಅಲ್ಮೇಯ್ದಾ 1947ರಲ್ಲಿ ಅಮೆರಿಕಕ್ಕೆ ಬಂದು ಸ್ಟಾನ್ ಕೆಂಟನ್ ವಾದ್ಯವೃಂದ ಸೇರಿದರು. 1953ರಲ್ಲಿ ಸ್ಯಾಕ್ಸೊಫೋನ್ ವಾದಕ ಬಡ್ ಶ್ಯಾಂಕ್ ಜೊತೆ ಬ್ರೆಜಿಲ್‌ನ ರಾಗಗಳನ್ನು ಜಾಝ್ ಮಾಡಿ ಧ್ವನಿಮುದ್ರಿಸಿದರು. ಬೋಸಾ ಎಂಬ ಅಲೆ ಏಳುವುದಕ್ಕೆ ಐದು ವರ್ಷ ಮುಂಚೆ! ವಾಷಿಂಗ್ಟನ್‌ನ ಚಾರ್ಲಿ ಬರ್ಡ್ ಜಾಝ್ ವಾದಕ, ಆದರೆ 1954ರಲ್ಲಿ ಇಟಲಿಯ ಸಿಯೆನಾದಲ್ಲಿ ಸ್ಪೇನ್‌ನ ಕ್ಲಾಸಿಕಲ್ ಗಿಟಾರ್ ದಿಗ್ಗಜ ಸೆಗೋವಿಯಾ ಅವರ ಬಳಿ ಪಾಠ ಹೇಳಿಸಿಕೊಂಡವರು. 1961ರಲ್ಲಿ ಅಮೆರಿಕ ಸರ್ಕಾರದ ಪ್ರವಾಸದಲ್ಲಿ ದಕ್ಷಿಣ ಅಮೆರಿಕಕ್ಕೆ ಹೋಗಿ ಬೋಸಾಗೆ ಮರುಳಾಗಿ ಬಂದರು. 1962ರ ಫೆಬ್ರವರಿಯಲ್ಲಿ ಒಂದು ಚರ್ಚಿನಲ್ಲಿ ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಸ್ ಜೊತೆ 'ಜಾಝ್ ಸಾಂಬಾ' ಧ್ವನಿಮುದ್ರಿಸಿದರು. ಮುಂದಿನ ವರ್ಷ ಅದು ಅಮೆರಿಕದ ಪಾಪ್ ಆಲ್ಬಂ ಪಟ್ಟಿಯ ತುದಿಗೇ ಹೋಯಿತು. ಇವರಿಬ್ಬರಲ್ಲಿ ಯಾರೂ ನೆಕ್ ಅಗಲವಾಯ್ತು ಎಂದು ಕೂರಲಿಲ್ಲ.

ಎಲ್ಲರೂ ಜಿಲ್ಬೆರ್ತೊ ಥರ ಮೆಲ್ಲಗೆ ನುಡಿಸಬೇಕೆಂದೇನೂ ಇಲ್ಲ. ಬ್ರೆಜಿಲ್‌ನದೇ ಗಿಟಾರ್ ವಾದಕ ಬಾಡೆನ್ ಪಾವೆಲ್ ಕೇಳಿ. ಸ್ಕೌಟ್ ಚಳವಳಿ ಕಟ್ಟಿದವರ ಮೇಲಿನ ಅಭಿಮಾನಕ್ಕೆ ಅಪ್ಪ ಆ ಹೆಸರು ಇಟ್ಟರು. ಮಗ ಸ್ಕೌಟ್ ಶಿಸ್ತನ್ನೆಲ್ಲ ಗಾಳಿಗೆ ತೂರಿ ತಂತಿ ಕಿತ್ತುಬರುವ ಹಾಗೆ ನುಡಿಸಿದರು. ಅಂಥ ಕೈ ನಿಮ್ಮದಾದರೆ ತೀರಾ ಹಗುರ ಟಾಪ್ ಇರುವ ನಾಜೂಕು ವಾದ್ಯ ಸಾಲದು. ಜೋರಾಗಿ ಹೊಡೆದಾಗ ಒಡೆದ ದನಿ ಬರುತ್ತದೆ. ಅಂಗಡಿಯಲ್ಲಿ ಸಂಕೋಚ ಬಿಟ್ಟು ಒಮ್ಮೆ ಜೋರಾಗಿಯೂ ನುಡಿಸಿ ನೋಡಿ. ನಾವು ಕನ್ನಡಿಗರು ಅಂಗಡಿಯಲ್ಲಿ ಗಿಟಾರ್ ಹಿಡಿದರೆ ಯಾರಿಗೂ ಕೇಳಿಸದ ಹಾಗೆ ನುಡಿಸುತ್ತೇವೆ. ಆ ಸಂಕೋಚಕ್ಕೆ ಆಮೇಲೆ ಮನೆಯಲ್ಲಿ ಬೆಲೆ ಕಟ್ಟಬೇಕಾಗುತ್ತದೆ.

ಈವರೆಗೆ ಹೇಳಿದ್ದೆಲ್ಲ ಬ್ರೆಜಿಲ್ ಮಾತಾಯಿತು. ಲ್ಯಾಟಿನ್ ಜಾಝ್‌ನ ಇನ್ನೊಂದು ಹೊಳೆ ಕ್ಯೂಬಾದ್ದು. ನ್ಯೂಯಾರ್ಕ್‌ನಲ್ಲಿ ಮಚೀತೊ ವಾದ್ಯವೃಂದ, ಮಾರಿಯೊ ಬೌಸಾ, ಆಮೇಲೆ 1947ರಲ್ಲಿ ಜಾಝ್ ತುತ್ತೂರಿ ವಾದಕ ಡಿಝಿ ಗಿಲೆಸ್ಪಿ ಜೊತೆ, ಕಾಂಗಾ ಎಂಬ ಉದ್ದ ಡೋಲು ನುಡಿಸುವ ಚಾನೊ ಪೋಝೊ. ಆ ಹೊಳೆಯಲ್ಲಿ ಗಿಟಾರ್‌ಗೆ ಜಾಗ ಕಡಿಮೆ. ತಾಳದ ಮೇಲೆ ಸುತ್ತುತ್ತಾ ಇರುವ ಮೊಂತೂನೊ ಎಂಬ ವರಸೆಯನ್ನು ನುಡಿಸುವುದು ಪಿಯಾನೊ. ಅದಕ್ಕೂ ಮುಂಚೆ ಹಳ್ಳಿಯ ಸೋನ್ ಸಂಗೀತದಲ್ಲಿ ಟ್ರೆಸ್ ಎಂಬ ಜೋಡಿ ಉಕ್ಕಿನ ತಂತಿಗಳ ವಾದ್ಯ ಅದನ್ನು ನುಡಿಸುತ್ತಿತ್ತು. ಅಲ್ಲಿಗೆ ನೈಲಾನ್ ಗಿಟಾರ್ ಹಿಡಿದು ಹೋದವರು ಕಾಂಗಾ, ಟಿಂಬಾಲೆ, ಬೊಂಗೊ, ತುತ್ತೂರಿಗಳ ನಡುವೆ ಕೂರಬೇಕು. ಮೈಕ್ ಇಲ್ಲದೆ ಒಂದು ಸ್ವರವೂ ಕೇಳುವುದಿಲ್ಲ. ಮೈಕ್ ಜೋರು ಮಾಡಿದರೆ ಗಿಟಾರ್ ತಾನೇ ಕೂಗತೊಡಗುತ್ತದೆ.

ಈ ಕೂಗಿಗೆ ಕಾರಣ ಟೊಳ್ಳು ಮೈ. ಕ್ಲಾಸಿಕಲ್ ಗಿಟಾರ್‌ನ ಒಳಗಿನ ಗಾಳಿ ಸುಮಾರು 100 ಹರ್ಟ್ಸ್ ಹತ್ತಿರ ತಾನಾಗಿ ಮೊಳಗುತ್ತದೆ. ಆರನೇ ತಂತಿಯ ಮೂರನೇ ಫ್ರೆಟ್‌ನ ಜಿ ಸ್ವರ 98 ಹರ್ಟ್ಸ್. ಸ್ಪೀಕರ್‌ನಿಂದ ಬಂದ ಶಬ್ದ ಆ ಗಾಳಿಯನ್ನು ಅಲುಗಿಸುತ್ತದೆ, ಗಾಳಿ ಟಾಪ್ ಅನ್ನು ಅಲುಗಿಸುತ್ತದೆ, ಅದು ಮತ್ತೆ ಪಿಕಪ್‌ಗೆ, ಮತ್ತೆ ಸ್ಪೀಕರ್‌ಗೆ. ಇದಕ್ಕೆ ಉತ್ತರ ಮೈಯಲ್ಲಿ ಗಾಳಿ ಇಲ್ಲದ, ಇಲ್ಲವೇ ತೀರಾ ಕಡಿಮೆ ಇರುವ ಗಿಟಾರ್. ಗಿಬ್ಸನ್ 1982ರಲ್ಲಿ ಅಮೆರಿಕದ ಗಿಟಾರ್ ವಾದಕ ಚೆಟ್ ಆಟ್ಕಿನ್ಸ್ ಹೆಸರಿನ ನೈಲಾನ್ ಗಿಟಾರ್ ತಂದದ್ದು ಇದೇ ದಾರಿಯಲ್ಲಿ. ಕೆನಡಾದ ಗೋಡಿನ್ ಕಂಪನಿಯ ಮಲ್ಟಿಯಾಕ್ ಇನ್ನೊಂದು. ಒಳಗೆ ಸಣ್ಣ ಕೋಣೆಗಳು ಇರುವ ಮರದ ಮೈ, ಮೇಲೆ ತೆಳ್ಳನೆ ಟಾಪ್. ಯಮಹಾದ ಸೈಲೆಂಟ್ ಗಿಟಾರ್‌ನಲ್ಲಂತೂ ಮೈಯೇ ಇಲ್ಲ, ಬರೀ ಚೌಕಟ್ಟು. ಅದರಲ್ಲಿ 50 ಮತ್ತು 52 ಎರಡೂ ಅಗಲದ ನೆಕ್ ಸಿಗುತ್ತದೆ. ಅಪಾರ್ಟ್‌ಮೆಂಟ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಅಭ್ಯಾಸ ಮಾಡುವವರಿಗೂ ಅದು ಅನುಕೂಲ. ಇವುಗಳಲ್ಲಿ ನಾದ ಸ್ವಲ್ಪ ಪ್ಲಾಸ್ಟಿಕ್ ಎನಿಸುವುದು ನಿಜ. ಆದರೆ ಆರು ಜನರ ಬ್ಯಾಂಡ್ ನಡುವೆ ಅದನ್ನು ಗುರುತಿಸುವವರು ಯಾರು?

ಆದ್ದರಿಂದ ಮೊದಲ ಪ್ರಶ್ನೆ 'ಯಾವ ಗಿಟಾರ್' ಅಲ್ಲ, 'ಯಾರ ಜೊತೆ' ಎನ್ನುವುದು. ಒಬ್ಬರೇ, ಅಥವಾ ಹಾಡುವವರ ಜೊತೆ ಇಬ್ಬರೇ ಆದರೆ ಪಿಕಪ್ ಇಲ್ಲದ ಒಳ್ಳೆಯ ಕ್ಲಾಸಿಕಲ್ ಗಿಟಾರ್, ಎದುರಿಗೆ ಒಂದು ಮೈಕ್. ಬಾಸ್ ಮತ್ತು ಮೆಲ್ಲನೆ ನುಡಿಸುವ ಡ್ರಮ್ ಇದ್ದರೆ ಪಿಕಪ್ ಇರುವ ಟೊಳ್ಳು ಮೈಯ ಗಿಟಾರ್ ಹೇಗೋ ಸಾಗುತ್ತದೆ. ಬಾಸ್ ಇದ್ದಾಗ ನಿಮ್ಮ ಹೆಬ್ಬೆರಳು ತೆಪ್ಪಗಿರುವುದನ್ನು ಕಲಿಯಬೇಕು, ಅದು ಬೇರೆ ಮಾತು. ಕಾಂಗಾ ಬಂತೆಂದರೆ ಮೈ ಇಲ್ಲದ ಗಿಟಾರ್. ಎಲ್ಲದಕ್ಕೂ ಆಗುವ ಒಂದೇ ಗಿಟಾರ್ ಎಂದು ಹುಡುಕಿದರೆ ಯಾವುದಕ್ಕೂ ಪೂರ್ತಿ ಆಗದ ಒಂದು ಸಿಗುತ್ತದೆ.

ತಂತಿಯ ಬಗ್ಗೆ ಹೇಳದೆ ಇದು ಮುಗಿಯುವುದಿಲ್ಲ. ನೈಲಾನ್ ಹಳೆಯದೇನಲ್ಲ. ಎರಡನೇ ಮಹಾಯುದ್ಧದ ತನಕ ಗಿಟಾರ್‌ಗೆ ಪ್ರಾಣಿಗಳ ಕರುಳಿನ ತಂತಿ ಇತ್ತು. ಯುದ್ಧದಲ್ಲಿ ಆ ಕರುಳೆಲ್ಲ ಗಾಯದ ಹೊಲಿಗೆಗೆ ಹೋಯಿತು. ಆಗ ನ್ಯೂಯಾರ್ಕ್‌ನಲ್ಲಿ ಆಲ್ಬರ್ಟ್ ಆಗಸ್ಟೀನ್ ಎಂಬ ವಾದ್ಯ ತಯಾರಕರು ಡುಪಾಂಟ್ ಕಂಪನಿಯ ನೈಲಾನ್ ಎಳೆಯಿಂದ ತಂತಿ ಮಾಡಿದರು. ಸೆಗೋವಿಯಾ ಅದಕ್ಕೆ ಬೆನ್ನಾಗಿ ನಿಂತರು. 1940ರ ದಶಕದ ಕೊನೆಗೆ ಅದು ಮಾರುಕಟ್ಟೆಗೆ ಬಂತು. ಹತ್ತು ವರ್ಷದಲ್ಲಿ ಬೋಸಾ. ಕರುಳಿನ ತಂತಿ ತೇವಕ್ಕೆ ಸಡಿಲಾಗುತ್ತಾ, ಬೇಗ ಹರಿಯುತ್ತಾ ಇದ್ದ ಕಾಲದಲ್ಲಿ ರಿಯೋದ ಕಡಲ ಗಾಳಿಗೆ ಪಾಪ ಏನಾಗುತ್ತಿತ್ತೋ!

ಈಗ ಅದೇ ಗಿಟಾರ್‌ನ ಗುಣವನ್ನು ತಂತಿಯಿಂದಲೇ ತುಸು ಬದಲಿಸಬಹುದು. ಕಾರ್ಬನ್ ಅನ್ನುವ ತಂತಿಗಳು ಸಣ್ಣ, ಚೂಪು ದನಿ, ಬಾಲ ಉದ್ದ. ಸಾಧಾರಣ ನೈಲಾನ್ ದಪ್ಪ, ಮೆತ್ತಗೆ, ಬೇಗ ಆರುತ್ತದೆ. ಬೋಸಾಗೆ ನಾನು ಸಾಧಾರಣ ನೈಲಾನ್, ನಾರ್ಮಲ್ ಟೆನ್ಷನ್ (ಸಾಧಾರಣ ಬಿಗಿ) ಪಕ್ಷ. ಡಿ'ಅಡಾರಿಯೊ ಇಜೆ45 ಸೆಟ್ ನಮ್ಮ ಊರುಗಳಲ್ಲೂ ಸಿಗುತ್ತದೆ, ಅಷ್ಟು ಸಾಕು. ಹೊಸ ಮಂದ್ರತಂತಿಗಳು ಲೋಹದ ಸುತ್ತು ಇರುವುದರಿಂದ ಕಾರ್ಡ್ ಜರುಗಿಸಿದಾಗ ಕೀಚ್ ಅನ್ನುತ್ತವೆ, ಜೊತೆಗೆ ಗಂಟೆಯಂತೆ ಮೊಳಗುತ್ತವೆ. ಅದಕ್ಕೇ ಸ್ವಲ್ಪ ಹಳತಾಗಿ ಮಂಕಾದ ಮಂದ್ರತಂತಿಗಳೇ ನನಗೆ ಇಷ್ಟ. ಕ್ಲಾಸಿಕಲ್ ಮೇಷ್ಟ್ರುಗಳು ಇದನ್ನು ಓದಿದರೆ ಬೈಯುತ್ತಾರೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನೈಲಾನ್ ಗಿಟಾರ್‌ಗೆ ಉಕ್ಕಿನ ತಂತಿ ಹಾಕಬೇಡಿ. ಹಾಸ್ಟೆಲ್‌ಗಳಲ್ಲಿ ಈ ಕೆಲಸ ಎಷ್ಟು ನಡೆಯುತ್ತದೆ ಅಂತ ಹೇಳತೀರದು. ಆರು ನೈಲಾನ್ ತಂತಿಗಳ ಒಟ್ಟು ಎಳೆತ 40 ಕಿಲೋ ಹತ್ತಿರ. ಉಕ್ಕಿನದು 70 ದಾಟುತ್ತದೆ. ಬ್ರಿಡ್ಜ್ ಎದ್ದು ಬರುತ್ತದೆ, ಟಾಪ್ ಉಬ್ಬುತ್ತದೆ.

ಹವೆಯ ವಿಷಯ ನಮ್ಮಲ್ಲಿ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಮರಕ್ಕೆ ಹಿಡಿಸುವುದು 45ರಿಂದ 55 ಶೇಕಡಾ ತೇವಾಂಶ. ಫೆಬ್ರವರಿ, ಮಾರ್ಚ್‌ನ ಬೆಂಗಳೂರು ಅದಕ್ಕಿಂತ ಬಹಳ ಒಣ, ಜುಲೈನ ಮಂಗಳೂರು ಬಹಳ ಒದ್ದೆ. ಪೂರ್ತಿ ಗಟ್ಟಿಮರದ ಗಿಟಾರ್ ಈ ಓಡಾಟದಲ್ಲಿ ಬಿರುಕು ಬಿಡಬಹುದು. ಅದಕ್ಕೇ ಹೆಚ್ಚಿನವರಿಗೆ ನಾನು ಹೇಳುವುದು ಟಾಪ್ ಮಾತ್ರ ಗಟ್ಟಿಮರ, ಬೆನ್ನು ಮತ್ತು ಪಕ್ಕ ಪದರ ಅಂಟಿಸಿದ್ದು. ತೋರೆಸ್ ಅವರ ರಟ್ಟಿನ ಗಿಟಾರ್ ನೆನಪಿದೆಯಲ್ಲ. ನನ್ನ ಕೈಯಲ್ಲಿರುವುದೂ ಅಂಥದ್ದೇ, ಯಮಹಾ ಸಿಜಿ ಸಾಲಿನ ಸ್ಪ್ರೂಸ್ ಟಾಪ್. ಪದರದ ಬೆನ್ನು ಬಾಲವನ್ನು ಇನ್ನಷ್ಟು ಗಿಡ್ಡ ಮಾಡುತ್ತದೆ ಅನ್ನುವುದು ನನಗೆ ಲಾಭವೇ. ಚಳಿದೇಶದಲ್ಲಿ ಹೀಟರ್ ಹಾಕಿಕೊಂಡು ಬದುಕುವವರು ಕೇಸ್ ಒಳಗೆ ತೇವ ಇಡುವ ಸಾಧನ ಮರೆಯಬಾರದು. ಅಲ್ಲಿನ ಚಳಿಗಾಲ ನಮ್ಮ ಬೇಸಿಗೆಗಿಂತ ಒಣ.

ಇನ್ನು ಅಂಗಡಿಯಲ್ಲಿ ಮಾಡಬೇಕಾದ್ದು. ಶ್ರುತಿ ಸರಿಮಾಡಿಕೊಂಡು ಮೊದಲು ಆರನೇ ತಂತಿಯ ಮೇಲೆ ಎಫ್‌ನಿಂದ ಎ ತನಕ ಒಂದೊಂದೇ ಫ್ರೆಟ್ ನುಡಿಸಿ. ಜಿ ಆಸುಪಾಸಿನಲ್ಲಿ ಒಂದು ಸ್ವರ ಉಳಿದವನ್ನೆಲ್ಲ ಮೀರಿ ಬೊಬ್ಬೆ ಹಾಕುತ್ತಿದೆಯೇ ಕೇಳಿ. ಸ್ವಲ್ಪ ಎಲ್ಲದರಲ್ಲೂ ಇರುತ್ತದೆ. ತುಂಬ ಇದ್ದರೆ ಹೆಬ್ಬೆರಳಿನ ಡೋಲು ಸಮ ಆಗುವುದೇ ಇಲ್ಲ. ಅಂಥದ್ದನ್ನು ಗೋಡೆಗೆ ವಾಪಸ್ ಕೊಡಿ. ಆಮೇಲೆ ಡಿ ಮೈನರ್ ನೈನ್, ಜಿ ತರ್ಟೀನ್ ಎರಡೇ ಕಾರ್ಡ್ ಹಿಡಿದು ಬೋಸಾ ನಡೆಯನ್ನು ನಿಧಾನವಾಗಿ ನುಡಿಸಿ. ಎಡಗೈ ಸಡಿಲಿಸಿದಾಗ ನಾದ ನಿಂತಿತೇ? ನಿಲ್ಲದೆ ಡಬ್ಬದೊಳಗೆ ಇನ್ನೂ ಸುತ್ತುತ್ತಿದೆಯೇ? ಪಕ್ಕದಲ್ಲಿ ಯಾರಾದರೂ ಗೆಳೆಯರಿದ್ದರೆ ಅವರ ಕೈಲಿ ನುಡಿಸಿ, ನೀವು ನಾಲ್ಕು ಹೆಜ್ಜೆ ದೂರ ನಿಂತು ಕೇಳಿ. ಕಣ್ಣಿಟ್ಟು ನೆಕ್ ನೇರ ಇದೆಯೇ ನೋಡಿ. ಎಷ್ಟೋ ನೈಲಾನ್ ಗಿಟಾರ್‌ಗಳಲ್ಲಿ ನೆಕ್ ಸರಿಮಾಡುವ ಟ್ರಸ್ ರಾಡ್ ಇರುವುದಿಲ್ಲ, ಬಾಗಿದರೆ ಬಾಗಿದ ಹಾಗೆಯೇ. ಹನ್ನೆರಡನೇ ಫ್ರೆಟ್ ಮೇಲೆ ತಂತಿ ಎತ್ತರ ಮೊದಲ ತಂತಿಗೆ 3, ಆರನೆಯದಕ್ಕೆ 4 ಮಿಲಿಮೀಟರ್ ಇದ್ದರೆ ಸರಿ. ಇನ್ನೂ ಎತ್ತರ ಇದ್ದರೆ ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್ ಪಟ್ಟಿ ಉಜ್ಜಿಸಿ ಇಳಿಸಬಹುದು, ಅದು ಸಣ್ಣ ಕೆಲಸ. ಸೆಕೆಂಡ್ ಹ್ಯಾಂಡ್ ಆದರೆ ಬ್ರಿಡ್ಜ್ ಹಿಂಬದಿಗೆ ತೆಳ್ಳನೆ ಕಾಗದ ತೂರಿಸಿ ನೋಡಿ. ಕಾಗದ ಒಳಗೆ ಹೋದರೆ ಅಂಟು ಬಿಟ್ಟಿದೆ. ಹೋಗದಿದ್ದರೆ ಚೌಕಾಸಿ ಶುರು ಮಾಡಿ.